ಇಂಗ್ಲಿಷಿನ 'ವಿತ್' ಮತ್ತು ಕನ್ನಡದ ವಿಭಕ್ತಿಗಳು

ಇಂಗ್ಲಿಷಿನ 'ವಿತ್' ಎಂಬ ಅವ್ಯಯಕ್ಕೆ ಸಂವಾದಿಯಾಗಿ ನಮಗೆ ಥಟ್ಟನೆ ಹೊಳೆಯುವುದು 'ಜೊತೆ', 'ಒಂದಿಗೆ' ಎಂಬ ರೂಪಗಳು. ಆದರೆ ಸಾಹಚರ್ಯವು ಅದರ ಮೂಲಾರ್ಥವಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದು ಮುಖ್ಯವಾಗಿ 'ಎದುರಾಗಿ', 'ವಿರುದ್ಧವಾಗಿ' ಎಂಬರ್ಥದ ಪದ. 'ಕೂಡಿ' ಎಂಬರ್ಥಕ್ಕೆ 'ಮಿಡ್' ಎಂಬ ಬೇರೆಯೇ ಪದವಿದ್ದಿತು. ಮುಂದೆ 'ಮಿಡ್' ಬಳಕೆಯಿಂದ ಜಾರಿದಂತೆ ಅದರ ಸಾಹಚರ್ಯ, ಕರಣ ಎಂಬ ಎರಡೂ ಅರ್ಥಗಳು 'ವಿತ್'ನ ಪಾಲಿಗೆ ಬಂದವು. ಹಳೆಯ ಅರ್ಥವು 'ವಿತ್‌ಸ್ಟ್ಯಾಂಡ್' (ಎದುರಿಸಿ ನಿಲ್ಲು) ಎಂಬ ಕ್ರಿಯಾಪದದಲ್ಲಿ ಇಂದಿಗೂ ಉಳಿದಿದೆ. ಕನ್ನಡದ 'ಒಡನೆ' ಇದಕ್ಕೆ ವಿಲೋಮವಾಗಿ ನಡೆದಿರುವುದು ಕುತೂಹಲಕರ: ಅದು ಸಾಹಚರ್ಯದ ಪದವಾಗಿದ್ದೂ 'ಶತ್ರುವಿನೊಡನೆ ಕಾದಿದನು' ಎಂಬಲ್ಲಿ ಎದುರಾಳಿಯನ್ನು ಸೂಚಿಸುತ್ತದೆ.

ತೊಡಕು ಇರುವುದು ಅನುವಾದದಲ್ಲಿ. ಇಂಗ್ಲಿಷು ಒಂದೇ ಪದದಲ್ಲಿ ಅಡಕಗೊಳಿಸಿದ್ದನ್ನು ಕನ್ನಡ ಬಿಡಿಸಿ ಹೇಳುತ್ತದೆ. ಸಾಧನವಾದರೆ 'ಚಾಕುವಿನಿಂದ ಕೊಯ್ದಳು', ಕಾರಣವಾದರೆ 'ಭಯದಿಂದ ನಡುಗಿದನು' – ಇವೆರಡೂ ತೃತೀಯೆ. ಲಕ್ಷಣವಾದರೆ 'ನೀಳಗೂದಲಿನ ಹುಡುಗಿ' ಎಂದು ಷಷ್ಠಿ. ಹಣ ಯಾರಲ್ಲಿದೆ ಎಂಬುದಕ್ಕೆ 'ನನ್ನ ಬಳಿ'. 'ಕಣ್ಣಾರೆ ಕಂಡೆ' ಎಂಬಲ್ಲಂತೂ ಪ್ರತ್ಯೇಕ ಪದವೇ ಬೇಕಿಲ್ಲ. ಹೀಗಿರುವಾಗ 'ಚಾಕುವಿನೊಂದಿಗೆ ಇರಿದನು' ಎಂದು ಬರೆದರೆ ಚಾಕುವೂ ಇರಿತದಲ್ಲಿ ಪಾಲುದಾರನಾಗುತ್ತದೆ. ವಿದ್ಯಾರ್ಥಿಗಳ ಅನುವಾದಗಳಲ್ಲಿ ಇಂತಹ ವಾಕ್ಯಗಳನ್ನು ತಿದ್ದಿ ತಿದ್ದಿ ಈ ಲೇಖಕನ ಕಿವಿಯೇ ಅವಕ್ಕೆ ಒಗ್ಗತೊಡಗಿದೆ, ಆತಂಕವಿರುವುದೂ ಅಲ್ಲಿಯೇ.

ಹಾಗೆಂದು 'ವಿತ್'ಗೆ 'ಇಂದ'ವೇ ನಿಯತವೆಂದು ಕಲಿಸುವುದೂ ಸರಿಯಲ್ಲ. ಹೊಸಗನ್ನಡದಲ್ಲಿ 'ಇಂದ' ಪ್ರತ್ಯಯವು ಪಂಚಮಿಯ ಕೆಲಸವನ್ನೂ ಹೊತ್ತಿದೆ: 'ಊರಿನಿಂದ ಬಂದನು' ಎಂಬಲ್ಲಿ ಇಂಗ್ಲಿಷು ಬಳಸುವುದು 'ಫ್ರಮ್' ಪದವನ್ನು.