ಹಳೆಯ ಟೀ ಶರ್ಟಿನಿಂದ ನೂಲು: ಕಾರ್ಯಾನುಭವದ ತಾಸಿನಲ್ಲಿ ಭಾಷಾಭ್ಯಾಸ

(೫ರಿಂದ ೭ನೆಯ ತರಗತಿಗಳಿಗೆ, ೪೦ ನಿಮಿಷಗಳ ಎರಡು ಅವಧಿಗಳು)

ಪೀಠಿಕೆ

ಗಡಿಯಾಚೆಯ ಕನ್ನಡ ಶಾಲೆಗಳಲ್ಲಿ ಮಗುವಿನ ಕನ್ನಡವು ಬಹುಮಟ್ಟಿಗೆ ಪಠ್ಯಪುಸ್ತಕದ ಮಾತಾಗಿಯೇ ಉಳಿಯುತ್ತದೆ. ಪೇಟೆ, ಬಸ್ಸು, ಕಚೇರಿಗಳಲ್ಲಿ ರಾಜ್ಯಭಾಷೆಯೇ ಕಿವಿಗೆ ಬೀಳುವುದರಿಂದ, ಕೈಕೆಲಸಕ್ಕೆ ಸಂಬಂಧಿಸಿದ ಕನ್ನಡ ಪದಗಳು ಮೊದಲು ಮರೆಯಾಗುತ್ತವೆ. ಪ್ರಬಂಧ ಬರೆಯಬಲ್ಲ ವಿದ್ಯಾರ್ಥಿಯೂ ‘ಹುರಿ’, ‘ಮಡಿಕೆ’, ‘ಹಾಸು’, ‘ಹೊಕ್ಕು’ ಎಂಬ ಪದಗಳ ಮುಂದೆ ತಡವರಿಸುವುದುಂಟು. ಇಂಥ ಪದಗಳು ಅರ್ಥಕೋಶದಿಂದ ನೆಲೆಯೂರುವುದಿಲ್ಲ. ಕೈ ಕೆಲಸ ಮಾಡುತ್ತಿರುವಾಗ ಬಾಯಿಗೆ ಬಂದರೆ ಮಾತ್ರ ನಿಲ್ಲುತ್ತವೆ. ಖರ್ಚಿಲ್ಲದ ಒಂದು ಕೈಕೆಲಸದ ಮೂಲಕ ಅವನ್ನು ಬಳಕೆಗೆ ತರುವುದೇ ಈ ಪಾಠದ ಉದ್ದೇಶ.

ಸಾಮಗ್ರಿ

ನಾಲ್ವರ ಗುಂಪಿಗೆ ಒಂದು ಒಗೆದ ಹಳೆಯ ಹತ್ತಿಯ ಟೀ ಶರ್ಟು, ಹರಿತವಾದ ಒಂದು ಕತ್ತರಿ, ಅಳತೆಪಟ್ಟಿ, ಸೀಮೆಸುಣ್ಣ, ಸೂಜಿ-ದಾರ. ಪಕ್ಕದಲ್ಲಿ ಹೊಲಿಗೆಯಿಲ್ಲದ ಅಂಗಿ ಉತ್ತಮ. ಹೊಲಿಗೆಯಿದ್ದರೆ ನೂಲಿನಲ್ಲಿ ಗಂಟುಗಂಟಾಗಿ ಕಾಣುತ್ತದೆ. ದಪ್ಪ ಚಿತ್ರ ಅಚ್ಚಾದ ಭಾಗ ಸರಿಯಾಗಿ ಸುರುಳಿಯಾಗದು.

ಪ್ರತಿ ಮಗುವೂ ಅಂಗಿ ತರಲೇಬೇಕೆಂದು ಹೇಳಕೂಡದು. ಅನೇಕ ಮನೆಗಳಲ್ಲಿ ‘ಹಳೆಯ ಅಂಗಿ’ ಎಂಬುದೇ ಇರುವುದಿಲ್ಲ. ಅಣ್ಣನದು ತಮ್ಮನಿಗೆ, ಅಲ್ಲಿಂದ ಕೌದಿಗೆ ಇಲ್ಲವೆ ಒರೆಸುವ ಬಟ್ಟೆಗೆ ಸಲ್ಲುತ್ತದೆ. ಬರಿಗೈಯಲ್ಲಿ ಬಂದ ಮಗು ತರಗತಿಯ ಮುಂದೆ ತಲೆತಗ್ಗಿಸಿದರೆ ಆ ದಿನ ಅದು ಯಾವ ಪದವನ್ನೂ ಕಲಿಯುವುದಿಲ್ಲ. ಆದಕಾರಣ ಶಿಕ್ಷಕರು ನಾಲ್ಕಾರು ಅಂಗಿಗಳನ್ನು ಮೊದಲೇ ಕೂಡಿಸಿಟ್ಟಿರಬೇಕು. ತಂದ ಅಂಗಿಯನ್ನು ಕತ್ತರಿಸುವ ಮೊದಲು ಮನೆಯವರ ಒಪ್ಪಿಗೆಯಿದೆಯೇ ಎಂದು ಕೇಳಬೇಕು. ತೀರಿಹೋದವರ ನೆನಪಿಗೆಂದು ಎತ್ತಿಟ್ಟ ಅಂಗಿಯೂ ಅದರಲ್ಲಿರಬಹುದು.

ಪೂರ್ವಜ್ಞಾನ: ನೇಯ್ಗೆ ಮತ್ತು ಹೆಣಿಗೆ

ಒಂದು ಟವೆಲನ್ನೂ ಒಂದು ಬನಿಯನ್ನನ್ನೂ ಮಕ್ಕಳ ಕೈಗೆ ಕೊಟ್ಟು ಎಳೆಯಿಸಬೇಕು. ಟವೆಲು ಹಿಗ್ಗದು, ಬನಿಯನ್ನು ಹಿಗ್ಗುತ್ತದೆ. ನೇಯ್ದ ಬಟ್ಟೆಯಲ್ಲಿ ಉದ್ದದ ಎಳೆಗಳು ಹಾಸು, ಅಡ್ಡದ ಎಳೆಗಳು ಹೊಕ್ಕು. ಹೆಣೆದ ಬಟ್ಟೆಯಲ್ಲಿ ನೂಲು ಕುಣಿಕೆಯೊಳಗೆ ಕುಣಿಕೆಯಾಗಿ ಸಾಗುತ್ತದೆ. ಹಿಗ್ಗುವುದಕ್ಕೂ ಕತ್ತರಿಸಿದ ಅಂಚು ಸುರುಳಿಯಾಗುವುದಕ್ಕೂ ಅದೇ ಕಾರಣ. ಸೊಲ್ಲಾಪುರವು ನೇಯ್ದ ಚಾದರಗಳಿಗೂ ತಿರುಪ್ಪೂರು ಹೆಣೆದ ಬಟ್ಟೆಗಳಿಗೂ ಹೆಸರಾದ ಊರುಗಳೆಂದು ಇಲ್ಲಿ ತಿಳಿಸಬಹುದು.

ಕಾರ್ಯವಿಧಾನ

೧. ಅಂಗಿಯನ್ನು ನೆಲದ ಮೇಲೆ ಸಮನಾಗಿ ಹರಡಿ, ಕಂಕುಳ ಕೆಳಗೆ ಅಡ್ಡಲಾಗಿ ಕತ್ತರಿಸಿ ಮೇಲ್ಭಾಗವನ್ನು ಬೇರ್ಪಡಿಸಬೇಕು. ಕೆಳಗಿನ ಮಡಿಕೆಯ ಹೊಲಿಗೆಯನ್ನೂ ತೆಗೆಯಬೇಕು. ಉಳಿಯುವುದು ಕೊಳವೆಯಾಕಾರದ ಬಟ್ಟೆ.

೨. ಎಡ ಅಂಚನ್ನು ಬಲಕ್ಕೆ ಮಡಿಸಬೇಕು. ಆದರೆ ಬಲ ಅಂಚಿಗೆ ೩ ಸೆಂ.ಮೀ. ಮೊದಲೇ ನಿಲ್ಲಿಸಬೇಕು.

೩. ಎಡಗಡೆಯ ಮಡಿಕೆಯಿಂದ ಆರಂಭಿಸಿ, ೨.೫ ಸೆಂ.ಮೀ. ಅಂತರದಲ್ಲಿ ಅಡ್ಡ ಸೀಳುಗಳನ್ನು ಕತ್ತರಿಸಬೇಕು. ಪ್ರತಿ ಸೀಳೂ ಮೇಲೆ ಮಡಿಸಿದ ಅಂಚನ್ನು ೧ ಸೆಂ.ಮೀ.ನಷ್ಟು ದಾಟಿ ನಿಲ್ಲಬೇಕು. ಬಲ ಅಂಚನ್ನು ಮುಟ್ಟಬಾರದು.

೪. ಮಡಿಕೆ ಬಿಚ್ಚಿ, ಕತ್ತರಿಸದೆ ಉಳಿದ ಭಾಗವನ್ನು ಮೇಲೆ ಬರುವಂತೆ ಹರಡಬೇಕು. ಆ ಬದಿಯ ಹೊರ ಅಂಚಿನಿಂದ ಈ ಬದಿಯ ಮೊದಲ ಸೀಳಿಗೆ ಓರೆಯಾಗಿ ಕತ್ತರಿಸಬೇಕು. ಅನಂತರ ಆ ಬದಿಯ ಮೊದಲ ಸೀಳಿನಿಂದ ಈ ಬದಿಯ ಎರಡನೆಯದಕ್ಕೆ, ಎರಡನೆಯದರಿಂದ ಮೂರನೆಯದಕ್ಕೆ. ನೇರವಾಗಿ ಕತ್ತರಿಸಿದರೆ ಬಿಡಿಬಿಡಿ ಬಳೆಗಳಾಗುತ್ತವೆ; ಓರೆಯಾಗಿ ಕತ್ತರಿಸಿದರೆ ಒಂದೇ ಉದ್ದನೆಯ ಪಟ್ಟಿ. ಈ ಹಂತವನ್ನು ಶಿಕ್ಷಕರು ಮೊದಲು ಕಾಗದದ ಕೊಳವೆಯ ಮೇಲೆ ಮಾಡಿ ತೋರಿಸತಕ್ಕದ್ದು.

೫. ಪಟ್ಟಿಯನ್ನು ಸ್ವಲ್ಪಸ್ವಲ್ಪವಾಗಿ ಎಳೆಯಬೇಕು. ಅಂಚುಗಳು ಒಳಸುರುಳಿ, ಪಟ್ಟಿ ದುಂಡನೆಯ ನೂಲಾಗುತ್ತದೆ. ಅದನ್ನು ಉಂಡೆ ಸುತ್ತಿಡಬೇಕು.

ಗಣಿತದ ಜೋಡಣೆ

ಕೊಳವೆಯ ಸುತ್ತಳತೆ ೯೦ ಸೆಂ.ಮೀ., ಎತ್ತರ ೪೦ ಸೆಂ.ಮೀ. ಇದ್ದರೆ, ೨.೫ ಸೆಂ.ಮೀ. ಅಗಲದ ೧೬ ಸುತ್ತುಗಳು ಬರುತ್ತವೆ. ೧೬ × ೯೦ = ೧೪೪೦ ಸೆಂ.ಮೀ., ಅಂದರೆ ಎಳೆಯುವ ಮೊದಲೇ ಸುಮಾರು ೧೪.೪ ಮೀಟರು. ಅಗಲ ೨ ಸೆಂ.ಮೀ. ಆದರೆ ೧೮ ಮೀಟರು. ಬಟ್ಟೆ ಅಷ್ಟೇ ಇದ್ದರೂ ಉದ್ದ ಹೆಚ್ಚಿದ್ದೇಕೆ ಎಂದು ಕೇಳಿ, ಉತ್ತರವನ್ನು ಮಕ್ಕಳಿಂದಲೇ ಬರಿಸಬೇಕು.

ವಸ್ತು: ಸಿಂಬಿ

ಕೊಡ ಹೊರುವಾಗ ತಲೆಯ ಮೇಲೆ, ದುಂಡುತಳದ ಗಡಿಗೆ ಉರುಳದಂತೆ ಅದರ ಕೆಳಗೆ ಇಡುವ ಬಳೆಯೇ ಸಿಂಬಿ ಅಥವಾ ಸಿಂಬೆ. ಮೂರು ಎಳೆಗಳನ್ನು ಜಡೆಯಂತೆ ಹೆಣೆದು, ನಡುವೆ ತೆರಪು ಬಿಟ್ಟು ಸುತ್ತಿ, ಸುತ್ತಿಗೆ ಸುತ್ತು ಸೇರಿಸಿ ಹೊಲಿದರೆ ಗಟ್ಟಿಯಾದ ಸಿಂಬಿಯಾಗುತ್ತದೆ. ಅದನ್ನು ಮನೆಗೊಯ್ದು ಅಜ್ಜಿಗೆ ತೋರಿಸಿ, ಹಿಂದೆ ಯಾವುದರಿಂದ ಮಾಡುತ್ತಿದ್ದರು, ಏನೆಂದು ಕರೆಯುತ್ತಿದ್ದರು ಎಂದು ಕೇಳಿ ಬರುವುದೇ ಮನೆಗೆಲಸ.

ಭಾಷಾಭ್ಯಾಸ

ಅ) ‘ಎಳೆ’ ಎಂಬ ಒಂದೇ ರೂಪದ ಅರ್ಥಗಳು: ನೂಲಿನ ಎಳೆ, ಹಗ್ಗವನ್ನು ಎಳೆ, ಎಳೆ ಮಗು. ಮೂರನ್ನೂ ವಾಕ್ಯಗಳಲ್ಲಿ ಬಳಸಲಿ.

ಆ) ಕತ್ತರಿಸು, ಮಡಿಸು, ಎಳೆ, ಸುತ್ತು ಎಂಬ ಆಜ್ಞೆಗಳನ್ನು ‘ಕತ್ತರಿಸಿ, ಎಳೆದು, ಸುತ್ತಿ ಇಟ್ಟೆವು’ ಎಂದು ಕೂಡಿಸಿ, ಮಾಡಿದ ಕೆಲಸವನ್ನು ಎಂಟು ವಾಕ್ಯಗಳಲ್ಲಿ ಬರೆಯಲಿ.

ಇ) ‘ಹಾಸುಹೊಕ್ಕಾಗಿದೆ’, ‘ಎಳೆಎಳೆಯಾಗಿ ಬಿಡಿಸಿ ಹೇಳು’, ‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂಬ ಮಾತುಗಳ ಮೂಲವನ್ನು ಕೈಯಲ್ಲಿರುವ ಬಟ್ಟೆಯಿಂದಲೇ ವಿವರಿಸಬೇಕು.

ಈ) ಕನ್ನಡದ ಕತ್ತರಿ ತಮಿಳಿನಲ್ಲಿಯೂ ಕತ್ತರಿ, ತೆಲುಗಿನಲ್ಲಿ ಕತ್ತೆರ, ಮಲಯಾಳದಲ್ಲಿ ಕತ್ರಿಕ, ಮರಾಠಿಯಲ್ಲಿ ಕಾತ್ರಿ. ಮಗು ನೆರೆಭಾಷೆಯ ಪದ ಹೇಳಿದರೆ ಅದನ್ನು ತಪ್ಪೆಂದು ಗದರಿಸದೆ, ಫಲಕದ ಮೇಲೆ ಕನ್ನಡ ಪದದ ಪಕ್ಕದಲ್ಲಿ ಬರೆಯಬೇಕು. ಗದರಿಸಿದರೆ ಮಗು ಬಿಡುವುದು ಆ ಪದವನ್ನಲ್ಲ, ಕನ್ನಡದಲ್ಲಿ ಬಾಯಿ ತೆರೆಯುವುದನ್ನು.

ಮೌಲ್ಯಮಾಪನ

ಸಿಂಬಿಯ ಅಂದಕ್ಕೆ ಅಂಕವಿಲ್ಲ. ಗುಂಪಿನ ಒಬ್ಬರು ಬೇರೆ ಗುಂಪಿಗೆ ಹೋಗಿ, ಕೈಸನ್ನೆಯಿಲ್ಲದೆ, ಕೇವಲ ಕನ್ನಡದ ಮಾತಿನಿಂದ ನಾಲ್ಕನೆಯ ಹಂತವನ್ನು ವಿವರಿಸಲಿ. ಕೇಳಿದವರು ಕಾಗದದ ಕೊಳವೆಯನ್ನು ಕತ್ತರಿಸಲಿ. ಕೊನೆಗೆ ಪಟ್ಟಿ ಒಂದೇ ಆಗಿ ಬಂದರೆ ಹೇಳಿದವರ ಭಾಷೆ ಸರಿಯಾಗಿತ್ತು. ಬಳೆಗಳಾಗಿ ಉದುರಿದರೆ ಯಾವ ಮಾತು ಬಿಟ್ಟುಹೋಯಿತೆಂದು ಇಬ್ಬರೂ ಕೂಡಿ ಹುಡುಕಲಿ.