ಪ್ರಸ್ತಾರದ ಕ್ರಮ

ಛಂದಸ್ಸಿನಲ್ಲಿ ಅಕ್ಷರಗಳು ಲಘು, ಗುರು ಎಂದು ಎರಡು ಬಗೆ. ಅವುಗಳಿಂದ ಮೂರಕ್ಷರದ ಗಣಗಳು ಎಷ್ಟಾಗಬಲ್ಲವು? ಒಂದೊಂದು ಸ್ಥಾನಕ್ಕೂ ಎರಡು ಸಾಧ್ಯತೆಗಳಿರುವುದರಿಂದ 2 × 2 × 2 = 8. ಆದರೆ ಎಣಿಕೆ ತಿಳಿದ ಮಾತ್ರಕ್ಕೆ ಕೆಲಸ ಮುಗಿಯದು; ಒಂದನ್ನೂ ಬಿಡದೆ, ಯಾವುದನ್ನೂ ಮರಳಿ ಬರೆಯದೆ ಎಲ್ಲವನ್ನೂ ಪಡೆಯುವ ಕ್ರಮ ಬೇಕು.

ಕೇದಾರಭಟ್ಟನ ‘ವೃತ್ತರತ್ನಾಕರ’ವು ಹೇಳುವ ಪ್ರಸ್ತಾರವೇ ಆ ಕ್ರಮ. ಮೊದಲ ಸಾಲಿನಲ್ಲಿ ಎಲ್ಲವೂ ಗುರು. ಎಡದಿಂದ ಮೊದಲು ಸಿಗುವ ಗುರುವಿನ ಕೆಳಗೆ ಲಘುವನ್ನಿಡಿರಿ. ಅದರ ಬಲಕ್ಕಿರುವುದನ್ನು ಮೇಲಿದ್ದಂತೆಯೇ ಇಳಿಸಿರಿ. ಎಡಕ್ಕೆ ಉಳಿದ ಸ್ಥಾನಗಳಲ್ಲಿ ಗುರುವನ್ನು ತುಂಬಿರಿ. ಪ್ರತಿ ಸಾಲಿಗೂ ಹೀಗೆಯೇ ಮಾಡಿದರೆ ಮ, ಯ, ರ, ಸ, ತ, ಜ, ಭ, ನ ಗಣಗಳು ಅನುಕ್ರಮವಾಗಿ ದೊರೆಯುತ್ತವೆ. ಎಲ್ಲವೂ ಲಘುವಾದ ನಗಣದಲ್ಲಿ ಪ್ರಸ್ತಾರ ಮುಗಿಯುತ್ತದೆ.

ಅಕ್ಷರಗಳ ಜೋಡಣೆಗಳನ್ನೆಲ್ಲ ಬರೆಯಿಸಲು ಗಣಕಯಂತ್ರಕ್ಕೆ ಕೊಡುವ ಕ್ರಮವಿಧಿಯೂ ಇಂಥ ನಿಯಮವೇ. ನಾಲ್ಕಕ್ಷರಗಳಿಗೆ ಎಷ್ಟು ಸಾಲುಗಳಾಗುವುವು? ಬರೆದು ನೋಡಿರಿ.