ಬ್ರೀದರ್‌ನಿಂದ ಆಯಿಲ್ ಬಂದ ತಕ್ಷಣ ಎಂಜಿನ್ ಬಿಚ್ಚಿಸಬೇಡಿ

ಟ್ರ್ಯಾಕ್ಟರಿನ ಬ್ರೀದರ್ ಪೈಪಿನಿಂದ ಆಯಿಲ್ ತೊಟ್ಟಿಕ್ಕತೊಡಗಿದರೆ ನಮ್ಮ ಕಡೆ ಎರಡು ಥರ ನಡೆಯುತ್ತದೆ. ಕೆಲವರು ಪೈಪಿನ ಬಾಯಿಗೆ ಅರಿವೆ ತುರುಕುತ್ತಾರೆ. ಕೆಲವರು ‘ಎಂಜಿನ್ ಕೆಲಸಕ್ಕೆ ಬಂತು’ ಅಂತ ನೇರ ಗ್ಯಾರೇಜಿಗೆ ಒಯ್ಯುತ್ತಾರೆ. ಮೊದಲನೆಯದು ಎಂಜಿನ್ ಕೆಡಿಸುತ್ತದೆ. ಎರಡನೆಯದು ಎಷ್ಟೋ ಸಲ ಬೇಡದ ಖರ್ಚು. ಎಂಜಿನ್ ಬಿಚ್ಚಿ ಕಟ್ಟಿಸಿದರೆ ಮಳೆ ನಂಬಿದ ರೈತನ ವರ್ಷದ ಉಳಿತಾಯವೇ ಹೋಗುತ್ತದೆ. ಅದಕ್ಕೆ, ಮನೆ ಮುಂದೆಯೇ ನೋಡಬಹುದಾದ್ದನ್ನು ನಾನು ನೋಡುವ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ.

ಬ್ರೀದರ್ ಯಾಕೆ ಬೇಕು?

ಎಂಜಿನ್ ಎಷ್ಟೇ ಹೊಸದಿರಲಿ, ಸುಟ್ಟ ಗಾಳಿ ಸ್ವಲ್ಪ ಪಿಸ್ಟನ್ ರಿಂಗು ದಾಟಿ ಕೆಳಗೆ ಕ್ರ್ಯಾಂಕ್ ತಿರುಗುವ ಜಾಗಕ್ಕೆ ಇಳಿಯುತ್ತದೆ. ಮೇಸ್ತ್ರಿಗಳು ಇದಕ್ಕೆ ಬ್ಯಾಕ್ ಕಂಪ್ರೆಶನ್ ಅಂತಾರೆ. ಆ ಗಾಳಿ ಹೊರಬೀಳಲು ಇಟ್ಟ ದಾರಿಯೇ ಬ್ರೀದರ್. ಕುದಿಯುವ ಗಡಿಗೆಯ ಮುಚ್ಚಳ ಬಿಗಿದು ಕಟ್ಟಿದರೆ ಏನಾದೀತು? ಬ್ರೀದರ್ ಮುಚ್ಚಿದರೂ ಅದೇ. ಗಾಳಿ ಆಯಿಲ್ ಸೀಲು, ಗ್ಯಾಸ್ಕೆಟ್, ಡಿಪ್‌ಸ್ಟಿಕ್ ಕೊಳವೆ, ಎಲ್ಲಿ ಸಂದು ಸಿಕ್ಕೀತೋ ಅಲ್ಲಿ ಆಯಿಲ್ ತಳ್ಳಿಕೊಂಡು ಬರುತ್ತದೆ. ಕ್ರ್ಯಾಂಕಿನ ಹಿಂದಿನ ಸೀಲು ಹೋದರಂತೂ ಆಯಿಲ್ ಕ್ಲಚ್ ಪ್ಲೇಟಿಗೆ ತಾಗುತ್ತದೆ. ಅದನ್ನು ಬದಲಿಸಲು ಟ್ರ್ಯಾಕ್ಟರನ್ನು ನಡುವೆ ಎರಡು ಭಾಗ ಮಾಡಬೇಕು.

ಆ ಗಾಳಿಯ ಜೊತೆ ಆಯಿಲಿನ ಸಣ್ಣ ತುಂತುರೂ ಇರುತ್ತದೆ. ಬ್ರೀದರ್ ಒಳಗಿನ ಜಾಳಿಗೆ ಅದನ್ನು ಹಿಡಿದು ಕೆಳಗೆ ಇಳಿಸುತ್ತದೆ. ಹೀಗಾಗಿ ಪೈಪಿನ ತುದಿ ಹಸಿಯಾಗಿದ್ದರೆ, ತೆಳ್ಳಗೆ ಹೊಗೆ ಬಂದರೆ ಹೆದರಬೇಕಿಲ್ಲ. ಹನಿ ಹನಿ ಬೀಳತೊಡಗಿದರೆ ಮಾತ್ರ ನೋಡಬೇಕು.

ಮೊದಲು ಖರ್ಚಿಲ್ಲದ್ದು

ಒಂದು, ಆಯಿಲ್ ಮಟ್ಟ. ಗಾಡಿ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿರಿ. ‘ಇರಲಿ’ ಅಂತ ಮೇಲಿನ ಗೆರೆ ದಾಟಿ ಹಾಕಿದ್ದರೆ ಕ್ರ್ಯಾಂಕು ಆಯಿಲಿಗೆ ಬಡಿದು ನೊರೆ ಎಬ್ಬಿಸುತ್ತದೆ, ಆ ನೊರೆ ಬ್ರೀದರಿಗೆ ಏರುತ್ತದೆ. ಹೆಚ್ಚಾದದ್ದನ್ನು ಇಳಿಸಿದರೆ ಮುಗಿಯಿತು. ನೀವು ಹಾಕದೆಯೇ ಮಟ್ಟ ಏರಿದ್ದರೆ ಮೂಸಿ ನೋಡಿರಿ. ಡೀಸೆಲ್ ವಾಸನೆ ಇದ್ದು ಆಯಿಲ್ ನೀರಾಗಿದ್ದರೆ ಫೀಡ್ ಪಂಪು ಅಥವಾ ಡೀಸೆಲ್ ಪಂಪಿನಿಂದ ಒಳಗೆ ಸೋರುತ್ತಿರಬಹುದು. ಬಣ್ಣ ಹಾಲಿನ ಚಹಾದ ಹಾಗಿದ್ದರೆ ನೀರು ಸೇರಿದೆ. ಇವೆರಡರಲ್ಲಿ ಯಾವುದಿದ್ದರೂ ರಿಪೇರಿ ಆಗುವ ತನಕ ಎಂಜಿನ್ ಓಡಿಸಬಾರದು.

ಎರಡು, ಬ್ರೀದರ್ ಪೈಪು. ಬಿತ್ತನೆ ಮುಗಿದ ಮೇಲೆ ನಮ್ಮ ಟ್ರ್ಯಾಕ್ಟರುಗಳು ತಿಂಗಳುಗಟ್ಟಲೆ ನಿಂತೇ ಇರುತ್ತವೆ. ಕುಂಬಾರ ಹುಳಕ್ಕೆ ಅಷ್ಟು ಸಾಕು, ಪೈಪಿನೊಳಗೆ ಮಣ್ಣಿನ ಗೂಡು ಕಟ್ಟಿಬಿಡುತ್ತದೆ. ಪೈಪು ಬಿಚ್ಚಿ ತಂತಿ ಆಡಿಸಿರಿ. ಜಾಳಿಗೆಯನ್ನು ಡೀಸೆಲ್ಲಿನಲ್ಲಿ ತೊಳೆದು, ಚೆನ್ನಾಗಿ ಆರಿಸಿ ಹಾಕಿರಿ. ರಬ್ಬರ್ ಪೈಪು ಎಲ್ಲಾದರೂ ಮಡಚಿದೆಯೋ ನೋಡಿರಿ.

ಮೂರು, ಏರ್ ಕ್ಲೀನರ್. ಆಯಿಲ್ ಬಟ್ಟಲಿನ ಕ್ಲೀನರ್ ಇದ್ದರೆ, ರಾಶಿ ಮಾಡುವಾಗ, ಒಣಭೂಮಿಯಲ್ಲಿ ರೋಟವೇಟರ್ ಹೊಡೆಯುವಾಗ ಬಟ್ಟಲನ್ನು ದಿನಾ ನೋಡಬೇಕು. ತಳದಲ್ಲಿ ಕೆಸರು ನಿಂತಿದ್ದರೆ ತೊಳೆದು ಹೊಸ ಆಯಿಲ್ ಹಾಕಬೇಕು. ಧೂಳು ಒಳಹೊಕ್ಕರೆ ರಿಂಗು, ಲೈನರ್ ಎರಡನ್ನೂ ಉಜ್ಜಿ ತಿನ್ನುತ್ತದೆ. ಇವತ್ತು ಬಟ್ಟಲು ತೊಳೆಯದವನ ಬ್ರೀದರ್ ನಾಳೆ ಹೊಗೆ ಉಗುಳುತ್ತದೆ.

ಮುಚ್ಚಳದ ಪರೀಕ್ಷೆ

ಇಷ್ಟಾದರೂ ಆಯಿಲ್ ಬರುತ್ತಿದ್ದರೆ ಎಂಜಿನ್ ಬಿಸಿ ಮಾಡಿ, ನಿಧಾನ ಓಡುವಾಗ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಅಲ್ಲೇ ಸುಮ್ಮನೆ ಇಡಿರಿ. ಆಯಿಲ್ ಸಿಡಿಯಬಹುದು, ಮುಖ ದೂರ ಇರಲಿ. ಮುಚ್ಚಳ ಸ್ವಲ್ಪ ನಡುಗಿದರೆ ಚಿಂತೆಯಿಲ್ಲ. ಕುಣಿದು ಹಾರಿ ಬಿದ್ದು, ಭುಸ್ ಭುಸ್ ಅಂತ ದಟ್ಟ ಹೊಗೆ ಬಂದರೆ ರಿಂಗು ಸವೆದಿರಬಹುದು, ಇಲ್ಲವೇ ಮಸಿ ಕಟ್ಟಿ ಕೂತಿರಬಹುದು. ಆಗಲೂ ಬಿಚ್ಚುವ ಮುಂಚೆ ಗೇಜು ಹಾಕಿ ಒಂದೊಂದೇ ಸಿಲಿಂಡರಿನ ಕಂಪ್ರೆಶನ್ ನೋಡಲು ಮೇಸ್ತ್ರಿಗೆ ಹೇಳಿರಿ. ಅದು ನಮ್ಮ ಹಕ್ಕು.

ಕಾರು, ಜೀಪುಗಳಲ್ಲಿ

ಕಾರಿನಲ್ಲಿ ಈ ಗಾಳಿಯನ್ನು ಹೊರಗೆ ಬಿಡದೆ ಮತ್ತೆ ಎಂಜಿನ್ನಿಗೇ ಕೊಟ್ಟು ಸುಡುತ್ತಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1961ರ ಮಾಡೆಲ್ ಕಾರುಗಳಿಂದ ಈ ಪದ್ಧತಿ ಬಂತು; ಹೊಗೆಮಂಜು ಕಡಿಮೆ ಮಾಡಲು. ಪೆಟ್ರೋಲ್ ಎಂಜಿನ್ನಿನ ಈ ದಾರಿಯಲ್ಲಿ ಪಿ.ಸಿ.ವಿ. ಎಂಬ ಸಣ್ಣ ವಾಲ್ವು ಇರುತ್ತದೆ. ಅದು ಮುಚ್ಚಿಕೊಂಡು ಕೂತರೆ ಏರ್ ಫಿಲ್ಟರಿಗೆ ಆಯಿಲ್ ಬರುತ್ತದೆ, ಸೀಲು ಸೋರುತ್ತದೆ. ತೆರೆದೇ ಉಳಿದರೆ ಆಯಿಲನ್ನು ಎಳೆದು ಸುಡುತ್ತದೆ. ಎಂಜಿನ್ ನಿಧಾನ ಓಡುವಾಗ ವಾಲ್ವನ್ನು ಕವರಿನಿಂದ ಕಿತ್ತು ಬೆರಳು ಒತ್ತಿದರೆ ಬೆರಳು ಎಳೆದಂತಾಗಬೇಕು. ಬಿಚ್ಚಿ ಅಲುಗಾಡಿಸಿದರೆ ಬಹಳಷ್ಟು ವಾಲ್ವುಗಳು ಗಿಲಗಿಲ ಅನ್ನುತ್ತವೆ. ಶಬ್ದ ಬರದಿದ್ದರೆ ಹೊಸದು ಹಾಕಿಸಿರಿ. ಎಂಜಿನ್ ಬಿಚ್ಚುವುದಕ್ಕೆ ಹೋಲಿಸಿದರೆ ಅದೇನೂ ದೊಡ್ಡ ಖರ್ಚಲ್ಲ.

ಒಂದು ಎಚ್ಚರಿಕೆ

ಬ್ರೀದರ್ ಪೈಪು ಗಾಳಿ ಎಳೆಯುವ ಕಡೆಗೆ ಸೇರಿರುವ ಡೀಸೆಲ್ ಎಂಜಿನ್ನಿಗೆ ಆಯಿಲ್ ಎಂದೂ ಹೆಚ್ಚು ಹಾಕಬೇಡಿ. ಆಯಿಲನ್ನೇ ಎಳೆದು ಸುಡುತ್ತಾ ಎಂಜಿನ್ ತಾನಾಗಿಯೇ ವೇಗ ಏರಿಸಿಕೊಂಡೀತು. ಆಗ ಡೀಸೆಲ್ ಬಂದ್ ಮಾಡಿದರೂ ನಿಲ್ಲುವುದಿಲ್ಲ, ಗಾಳಿಯನ್ನೇ ಮುಚ್ಚಬೇಕು. ಗಾಳಿ ಎಳೆಯುವ ಬಾಯಿಗೆ ಗಟ್ಟಿ ಹಲಗೆ ಒತ್ತಿ ಹಿಡಿಯಬಹುದು. ಬರಿಗೈ, ಅರಿವೆ ಒಡ್ಡಬಾರದು, ಒಳಗೆ ಎಳೆದುಕೊಳ್ಳುತ್ತದೆ. ಹತ್ತಿರ ಹೋಗಲು ಆಗದಿದ್ದರೆ ಎಲ್ಲರೂ ದೂರ ಸರಿಯುವುದೇ ಮೇಲು.

ಲೆಕ್ಕ ಇಡಿರಿ

ಎಷ್ಟು ತಾಸು ಓಡಿತು, ಎಷ್ಟು ಆಯಿಲ್ ಹಾಕಿದಿರಿ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹೋದ ಸುಗ್ಗಿಯಷ್ಟೇ ಕುಡಿಯುತ್ತಿದ್ದರೆ, ಓಡುವ ಶಕ್ತಿಯೂ ಸರಿಯಿದ್ದರೆ, ಹಾಗೇ ಓಡಿಸಿರಿ. ಸಲದಿಂದ ಸಲಕ್ಕೆ ಏರುತ್ತಿದ್ದು ಮುಚ್ಚಳವೂ ಹಾರುತ್ತಿದ್ದರೆ ಕೆಲಸ ಮಾಡಿಸಲೇಬೇಕು. ಅದನ್ನು ರಾಶಿ ಮುಗಿದ ಬಿಡುವಿನಲ್ಲಿ, ಎರಡು ಕಡೆ ದರ ಕೇಳಿ ಮಾಡಿಸಿರಿ. ಬಿತ್ತುವ ಹದ ಬಂದಾಗ ಎಂಜಿನ್ ಬಿಚ್ಚಿಕೊಂಡು ಕೂತವನಿಗೆ ಚೌಕಾಸಿ ಮಾಡುವ ಬಾಯಿ ಇರುವುದಿಲ್ಲ.